ಹಳೇ ಹಿಟ್ಟು, 4 ಗಂಟೆಯ ಖಾರಾ ಬನ್

ಹಿಂದಿನ ರಾತ್ರಿ ಕಲಸಿಟ್ಟ ಹಿಟ್ಟನ್ನು ಮರುದಿನ ಬನ್ನಿಗೆ ಸೇರಿಸೋಣ ಅಂದಾಗ ನಮ್ಮ ಬೇಕರಿಯ ಮಾಸ್ಟರ್ ಹೆಗಲ ಮೇಲಿನ ಟವೆಲ್ ಒದರಿ ಹೊರಗೆ ಹೋಗಿ ಕೂತರು. “ಹುಳಿ ಬನ್ ಯಾರು ತಿಂತಾರಣ್ಣ? ಇದೇನು ದೋಸೆ ಹಿಟ್ಟಾ?” ಅವರು ಹಾಸನದ ಕಡೆಯವರು, 15 ವರ್ಷ ಒಲೆ ಮುಂದೆ ಬೆಂದವರು. ನಾನು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರದಲ್ಲಿ 14 ವಾರದ ಕೋರ್ಸ್ ಮಾಡಿ ಬಂದವನು. ಅವರ ಬಾಯಲ್ಲಿ ‘ಸರ್ಟಿಫಿಕೇಟ್ ಬೇಕರ್’. ಈಗ ಎರಡು ವರ್ಷದಿಂದ ಆ ಹಿಟ್ಟೇ ಅಂಗಡಿಯನ್ನು ಸಾಕುತ್ತಿದೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಅಂಗಡಿ ಇರುವುದು ಕೊಬ್ಬರಿ ಮಾರುಕಟ್ಟೆಯ ಊರು ತಿಪಟೂರಿನಲ್ಲಿ. ಅಡ್ವಾನ್ಸ್ 2 ಲಕ್ಷ, ಬಾಡಿಗೆ ಆಗ 14 ಸಾವಿರ. ಎರಡು ಡೆಕ್ಕಿನ ಗ್ಯಾಸ್ ಓವನ್ ಸೆಕೆಂಡ್ ಹ್ಯಾಂಡ್, 75 ಸಾವಿರ. ಹಿಟ್ಟು ಕಲಸುವ ಸ್ಪೈರಲ್ ಮಿಕ್ಸರಿಗೆ 60 ಸಾವಿರದ ಆಸುಪಾಸು. ಶೋಕೇಸಿಗೆ 90 ಸಾವಿರ ಸುರಿದೆ, ಗಾಜು, ಲೈಟು ಅಂತ. ಅದು ಶುದ್ಧ ಶೋಕಿ, ಅರ್ಧದಲ್ಲಿ ಮುಗಿಯುತ್ತಿತ್ತು. ಟ್ರೇ, ಟೇಬಲ್ಲು, ಫ್ರಿಡ್ಜು, ವೈರಿಂಗು ಎಲ್ಲ ಸೇರಿ ಆರೂವರೆ ಲಕ್ಷ ದಾಟಿತು. ಹೆಂಡತಿಯ ಸರ ಬ್ಯಾಂಕಿಗೆ ಹೋಯಿತು. ಸಣ್ಣ ಆಹಾರ ಉದ್ದಿಮೆಗಳಿಗಿರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ 35 ಪರ್ಸೆಂಟ್ ಸಬ್ಸಿಡಿ, ಮೇಲೆ ರಾಜ್ಯದ್ದು 15 ಇತ್ತು ಅಂತ ಗೊತ್ತಾಗಿದ್ದು ಎಲ್ಲ ಕೊಂಡಾದ ಮೇಲೆ. ನೀವು ಮೊದಲೇ ವಿಚಾರಿಸಿಕೊಳ್ಳಿ.

ಮೊದಲ ವರ್ಷದ ಕತೆ ಹೇಳಿಕೊಳ್ಳುವಂಥದ್ದಲ್ಲ. ಕೌಂಟರಿನಲ್ಲಿ 40 ಐಟಂ ಇಟ್ಟಿದ್ದೆ. ಹನಿ ಕೇಕಿನಿಂದ ಹಿಡಿದು ಯಾರೂ ಕೇಳದ ಕ್ರೀಮ್ ರೋಲಿನವರೆಗೆ. ಜೊತೆಗೆ ಒಂದು ಡಜನ್ ಅಂಗಡಿಗಳಿಗೆ ಬ್ರೆಡ್ ಲೈನ್, ಅಂದರೆ ದಿನಾ ಬ್ರೆಡ್ ಹಾಕಿ ಬರುವುದು, ಶುರು ಮಾಡಿದೆ, ಸಾಲದ ಮೇಲೆ. ಹೋದದ್ದರಲ್ಲಿ ಕಾಲು ಭಾಗ ರಿಟರ್ನ್. ವಾಪಸ್ ಬಂದ ಬ್ರೆಡ್ಡನ್ನು ರಸ್ಕ್ ಮಾಡುವುದು ನಮಗೆಲ್ಲ ಗೊತ್ತಿರುವ ದಾರಿಯೇ. ಆದರೆ ದಿನಾ 30 ಪೌಂಡ್ ಬ್ರೆಡ್ಡಿನ ರಸ್ಕ್ ಖರ್ಚಾಗಬೇಕಾದರೆ ಊರಿಗೆಲ್ಲ ಜ್ವರ ಬರಬೇಕು. ಬಾಕಿ 38 ಸಾವಿರ ಇನ್ನೂ ಪುಸ್ತಕದಲ್ಲೇ ಇದೆ. ಎರಡು ಅಂಗಡಿಯವರು ನನ್ನನ್ನು ಕಂಡರೆ ಈಗಲೂ ರಸ್ತೆ ದಾಟುತ್ತಾರೆ.

ಲೈನ್ ನಿಲ್ಲಿಸಿದೆ. ಐಟಂ 14ಕ್ಕೆ ಇಳಿಸಿದೆ. ಒಂದೇ ಒಂದು ಮಾಲು, ಖಾರಾ ಬನ್, ನಮ್ಮಲ್ಲಿ ಬಿಟ್ಟು ಬೇರೆಲ್ಲೂ ಹಾಗೆ ಸಿಗಬಾರದು, ಅದೂ ಬಿಸಿಯಾಗಿ ಸಂಜೆ 4 ಗಂಟೆಗೆ ಅಂತ ತೀರ್ಮಾನ ಮಾಡಿದೆ. “ಬೇಕರಿ ಅಂದ್ರೆ ಶೋಕೇಸ್ ತುಂಬಿರಬೇಕು ಕಣಪ್ಪಾ, ಖಾಲಿ ಇದ್ರೆ ದರಿದ್ರ” ಅಂದರು ನಮ್ಮ ಮಾವ. ಸರದ ವಿಷಯ ನೆನಪಿದ್ದದ್ದರಿಂದ ನಾನು ಮಾತಾಡಲಿಲ್ಲ.

ಈಗ ಹಿಟ್ಟಿಗೆ ಬರೋಣ. 10 ಕೆಜಿ ಮೈದಾದಲ್ಲಿ 3 ಕೆಜಿಯನ್ನು ರಾತ್ರಿ 9ಕ್ಕೆ ಕಲಸುತ್ತೇನೆ, ಹೆಚ್ಚು ಕಡಿಮೆ 1.8 ಲೀಟರ್ ನೀರು, ಈಸ್ಟ್ ಬೆರಳ ತುದಿಯಷ್ಟು. ಉಳಿದ 7 ಕೆಜಿ ಮರುದಿನ ಇದರ ಜೊತೆ ಸೇರುತ್ತದೆ. ಮೊದಲ ಸಲ ಮಾಡಿದ್ದು ಏಪ್ರಿಲ್‌ನಲ್ಲಿ, ಹೊರಗೇ ಇಟ್ಟಿದ್ದೆ. ಬೆಳಿಗ್ಗೆ ಶಟರ್ ಎತ್ತಿದರೆ ಹಿಟ್ಟು ಟಬ್ ಬಿಟ್ಟು ನೆಲಕ್ಕಿಳಿದಿದೆ, ಒಳಗೆ ಹೆಂಡದಂಗಡಿಯ ವಾಸನೆ. ಹಟಕ್ಕೆ ಅದರಲ್ಲೇ ಬನ್ ಹೊಡೆದೆ. 120 ಬನ್ ಪಕ್ಕದ ಮನೆಯ ಎಮ್ಮೆಗೆ. ಮಾಸ್ಟರ್ ಮಾತಾಡಲಿಲ್ಲ, ನಕ್ಕರು. ಅದು ಇನ್ನೂ ಕಷ್ಟ.

ಆಮೇಲೆ ಫ್ರಿಡ್ಜಿನಲ್ಲಿಟ್ಟೆ. ಒಂದು ರಾತ್ರಿ ಕರೆಂಟ್ ಹೋಗಿ ಮತ್ತೆ ಅದೇ ಕತೆ. ಕೊನೆಗೆ ದಾರಿ ಸಿಕ್ಕಿದ್ದು ಉಪ್ಪಿನಿಂದ. ಉಪ್ಪಿನಲ್ಲಿ ಒಂದು ಪಾಲನ್ನು ರಾತ್ರಿಯ ಹಿಟ್ಟಿಗೇ ಹಾಕಿದೆ, ನೀರಿಗೆ ಐಸ್ ಹಾಕಿದೆ. ಕರೆಂಟ್ ಎರಡು ಮೂರು ಗಂಟೆ ಹೋದರೂ ಈಗ ತಡೆದುಕೊಳ್ಳುತ್ತದೆ. 10 ಕೆಜಿಗೆ ಮುಂಚೆ 300 ಗ್ರಾಂ ಹಸಿ ಈಸ್ಟ್ ಬೇಕಿತ್ತು, ಈಗ 110, 120ರಲ್ಲಿ ಮುಗಿಯುತ್ತದೆ. ಬನ್ ಉಬ್ಬಿ ಮೆತ್ತಗಿರಲಿ ಅಂತ ಹಾಕುವ ಇಂಪ್ರೂವರ್ ಪುಡಿಯ ಡಬ್ಬ ತರುವುದೇ ಬಿಟ್ಟೆ. ಮರುದಿನ ಒತ್ತಿ ನೋಡಿದರೂ ಬನ್ ಮೆತ್ತಗಿರುತ್ತದೆ. ಹಿಟ್ಟು ಎಷ್ಟು ಗಂಟೆ ಫ್ರಿಡ್ಜಿನಲ್ಲಿರುತ್ತದೆ, ತೆಗೆದ ಮೇಲೆ ಎಷ್ಟು ಹೊತ್ತು ಬಿಡುತ್ತೇನೆ ಅನ್ನುವುದನ್ನು ಬರೆಯುವುದಿಲ್ಲ. ನಮ್ಮ ಪಕ್ಕದ ರಸ್ತೆಯಲ್ಲೂ ಒಂದು ಬೇಕರಿ ಇದೆ, ಅವರಿಗೂ ಓದೋಕೆ ಬರುತ್ತೆ ಅಲ್ವಾ.

ಈರುಳ್ಳಿಯದ್ದು ಮಾತ್ರ ಹೇಳುತ್ತೇನೆ. ಹೆಚ್ಚಿ ಉಪ್ಪು ಹಾಕಿ ಹಿಂಡಿ, ಮಿಕ್ಸರ್ ನಿಲ್ಲಿಸುವ ಒಂದು ನಿಮಿಷ ಮೊದಲು ಹಾಕಿ. ಹಿಂಡಿದ ನೀರನ್ನು ಚೆಲ್ಲಬೇಡಿ, ಕಲಸುವ ನೀರಿಗೆ ಸೇರಿಸಿ, ಉಪ್ಪು ಅಷ್ಟು ಕಮ್ಮಿ ಮಾಡಿ. ಹಸಿಮೆಣಸು, ಕರಿಬೇವು, ಸಬ್ಬಸಿಗೆ ಎಲ್ಲರೂ ಹಾಕುವುದೇ. ನಾನು ಹಾಕುವ ಇನ್ನೊಂದು ಸಾಮಾನು ನನ್ನ ಹೆಂಡತಿಗೆ ಮಾತ್ರ ಗೊತ್ತು.

60 ಗ್ರಾಂ ಉಂಡೆಗೆ 10 ಕೆಜಿಯಲ್ಲಿ 300ರ ಹತ್ತಿರ ಬನ್ ಆಗುತ್ತವೆ. ಕೂಲಿ, ಗ್ಯಾಸ್ ಸೇರಿ ಒಂದಕ್ಕೆ 6 ರೂಪಾಯಿ ಚಿಲ್ಲರೆ, ಮಾರುವುದು 15ಕ್ಕೆ. ಶಾಲೆ ಬಿಡುವ ಹೊತ್ತಿಗೆ ಟ್ರೇ ಹೊರಗೆ ಬರಬೇಕು, ಐದೂವರೆಗೆಲ್ಲ ಖಾಲಿ. ಕೊಬ್ಬರಿ ಹರಾಜಿನ ದಿನ ಇನ್ನೊಂದು ಬ್ಯಾಚ್. ಮುಂಚೆ ದಿನಕ್ಕೆ ಸಾವಿರ, ಸಾವಿರದಿನ್ನೂರು ರೂಪಾಯಿ ಮಾಲು ಬಿಸಾಕುತ್ತಿದ್ದೆ. ಈಗ 150 ದಾಟಿದರೆ ಜಾಸ್ತಿ. ಸಂಬಳ, ಬಾಡಿಗೆ ಎಲ್ಲ ಕಳೆದು ತಿಂಗಳಿಗೆ 45, 50 ಸಾವಿರ ಕೈಗೆ ಸಿಗುತ್ತದೆ. ಸರ ಮನೆಗೆ ಬಂತು.

ನಡುವೆ ರಾಗಿ ಬನ್ನೂ ಮಾಡಿ ನೋಡಿದೆ. ಮೈದಾದಲ್ಲಿ 20 ಪರ್ಸೆಂಟ್ ರಾಗಿವರೆಗೆ ಚೆನ್ನಾಗಿಯೇ ಬಂತು, 30ಕ್ಕೆ ಇಟ್ಟಿಗೆ. ಮಾರಾಟವೂ ಅಷ್ಟಕ್ಕಷ್ಟೇ. ಮಧ್ಯಾಹ್ನ ಮುದ್ದೆ ಉಂಡು ಬಂದವರು ಸಂಜೆ ದುಡ್ಡು ಕೊಟ್ಟು ರಾಗಿ ತಿನ್ನುತ್ತಾರಾ?

ಈಗ ತಲೆ ಕೆಡಿಸಿಕೊಂಡಿರುವುದು ಒಳಗೆ ಕೊಬ್ಬರಿ ಹೂರಣ ತುಂಬುವ ದಿಲ್‌ಪಸಂದಿಗೆ. ಕೊಬ್ಬರಿ ಊರಿನಲ್ಲಿದ್ದು ಹೂರಣಕ್ಕೆ ಪ್ಯಾಕೆಟ್ ಪುಡಿ ತರಿಸುವುದು ನಾಚಿಕೆ. ಹಸಿ ಕಾಯಿ ಹಾಕಿದರೆ ಮರುದಿನಕ್ಕೇ ಹಳಸುತ್ತದೆ. ನಮ್ಮ ಉಂಡೆ ಕೊಬ್ಬರಿ ತುರಿದು ಹಾಕಿದರೆ ಎಣ್ಣೆ ಬಿಟ್ಟು ಅಡಿ ಒದ್ದೆ. ಅರ್ಧ ಅರ್ಧ ಹಾಕಿ, ಕಾಯಿತುರಿಯನ್ನು ಸಕ್ಕರೆ ಜೊತೆ ಬಾಣಲೆಯಲ್ಲಿ ಬಾಡಿಸಿ ನೋಡಿದೆ, ಮೂರು ದಿನ ತಡೆಯಿತು. ರುಚಿಯಂತೂ ಕೇಳಬೇಡಿ. ಆದರೆ 2025ರಲ್ಲಿ ಕೊಬ್ಬರಿ ಬೆಲೆ ಏರಿದಾಗ ಲೆಕ್ಕ ಹಾಕಿದರೆ ಒಂದೊಂದು ಪೀಸಿಗೂ ಕೈಯಿಂದ ಕೊಡಬೇಕು. ಸದ್ಯಕ್ಕೆ ಭಾನುವಾರ ಮಾತ್ರ, 20 ಪೀಸ್, ಮೊದಲೇ ಹೇಳಿದವರಿಗೆ.