ಪಾಯದ ಕಾಂಕ್ರೀಟ್: ನಮ್ಮ ಕೋಲಾರದ ಮಣ್ಣು, ಮಳೆ, ಆಷಾಢದ ಗಾಳಿ

ಮನೆ ಕಟ್ಟಿಸುವವರು ಮೊದಲು ಕೇಳುವುದು ಸಿಮೆಂಟ್ ಯಾವ ಕಂಪನಿ, ಕಂಬಿ ಯಾವ ಕಂಪನಿ ಅಂತ. ಸೈಟಿನ ಮಣ್ಣು ಎಂಥದ್ದು ಅಂತ ಕೇಳುವವರು ಅಪರೂಪ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆ ಕೆಲಸ ಹಿಡಿದು ಮಾಡಿಸುವವನು ನಾನು. ನಾನು ನೋಡಿದ ಮಟ್ಟಿಗೆ ಪಾಯ ಕೆಡುವುದು ಸಿಮೆಂಟಿನಿಂದಲ್ಲ, ನೀರಿನಿಂದ. ಇರಬಾರದ ಹೊತ್ತಲ್ಲಿ ಗುಂಡಿಯಲ್ಲಿ ನೀರು ನಿಂತಿರುತ್ತದೆ, ಇರಬೇಕಾದ ಹೊತ್ತಲ್ಲಿ ಕಾಂಕ್ರೀಟಿನ ಮೇಲೆ ಇರುವುದಿಲ್ಲ.

ಮೊದಲು ಮಣ್ಣು ನೋಡಿ. ಮಾರ್ಕಿಂಗ್ ಹಾಕುವ ಮುಂಚೆಯೇ ಸೈಟಿನ ನಾಲ್ಕು ಮೂಲೆಯಲ್ಲೂ ಐದೈದು ಅಡಿ ಗುಂಡಿ ತೆಗೆಸಿ. ಒಂದು ಮೂಲೆ ನೋಡಿ ಸುಮ್ಮನಾಗಬೇಡಿ. ನಮ್ಮ ಕಡೆ ಸಾಮಾನ್ಯವಾಗಿ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಆಮೇಲೆ ಬಂಡೆ. ಗರಸು ಸಿಕ್ಕಿದರೆ ಪುಣ್ಯ, ನೆಮ್ಮದಿಯಾಗಿ ಕೆಲಸ ಶುರು ಮಾಡಬಹುದು. ಯಾವ ಮಣ್ಣು ಅಂತ ಗೊತ್ತಾಗದಿದ್ದರೆ ಒಂದು ಹಿಡಿ ತೆಗೆದು, ನೀರು ಹಾಕಿ ಮುದ್ದೆ ಥರ ಕಟ್ಟಿ, ಅಂಗೈಯಲ್ಲಿ ಉಜ್ಜಿ ಬತ್ತಿ ಮಾಡಿ. ಗರಸು ಬತ್ತಿಯಾಗುವುದೇ ಇಲ್ಲ, ಉದುರುತ್ತದೆ. ಕೆಮ್ಮಣ್ಣು ಸ್ವಲ್ಪ ದೂರ ಬಂದು ಮುರಿಯುತ್ತದೆ. ಎರೆಮಣ್ಣು ಮಾತ್ರ ತೆಳ್ಳಗೆ ಎಳೆದಷ್ಟೂ ಬರುತ್ತದೆ, ತೊಳೆದರೂ ಕೈ ಬಿಡುವುದಿಲ್ಲ.

ಕೆರೆ ಅಚ್ಚುಕಟ್ಟಿನ ಗದ್ದೆಗಳು ಲೇಔಟ್ ಆದ ಕಡೆ ಈ ಎರೆಮಣ್ಣು, ಹೂಳು ಸಿಗುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ನೆಲ ಬಿರಿದಾಗ ಒಂದು ತಂತಿ ಇಳಿಸಿ ಬಿರುಕಿನ ಆಳ ನೋಡಿಕೊಳ್ಳಿ. ಪಾಯ ಅದಕ್ಕಿಂತ ಕೆಳಗೆ ಕೂರಬೇಕು. ಎರೆ ಮೂರು ನಾಲ್ಕು ಅಡಿ ಮಾತ್ರ ಇದ್ದರೆ ಪೂರ್ತಿ ತೆಗೆಸಿ ಗರಸು ತುಂಬಿಸಿ. ಒಂದೇ ಸಲ ಸುರಿಯುವುದಲ್ಲ, ಅರ್ಧ ಅಡಿ ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿಸಬೇಕು. ಇನ್ನೂ ಆಳಕ್ಕೆ ಇದ್ದರೆ ಅಂಡರ್ ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಅಗಲವಾಗುವ, ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ ಹಾಕಬೇಕಾಗುತ್ತದೆ, ಅದು ಮೇಸ್ತ್ರಿ ಬಾಯಿಮಾತಿನ ಕೆಲಸ ಅಲ್ಲ, ಎಂಜಿನಿಯರ್ ಡ್ರಾಯಿಂಗ್ ಬೇಕು. ಆ ಪೈಲ್ ಮೇಲಿನ ಬೀಮ್ ಕೆಳಗೆ ಮೂರು ಇಂಚಿನಷ್ಟು ಜಾಗ ಖಾಲಿ ಬಿಡಿಸಿ. ಮಣ್ಣು ಉಬ್ಬಿದರೆ ಬೀಮನ್ನು ಎತ್ತದೆ ಆ ಖಾಲಿಗೆ ಬರಲಿ.

ಎರೆಮಣ್ಣಿಗೆ ಎಲ್ಲರೂ ಹೆದರುತ್ತಾರೆ. ಬಂಡೆ ಸಿಕ್ಕಿದರೆ ಮಾತ್ರ ಖುಷಿಪಡುತ್ತಾರೆ. ಅಂತರಗಂಗೆ ಬೆಟ್ಟದ ತಪ್ಪಲಿನ ಕಡೆ ಒಂದು ಮೂಲೆಯಲ್ಲಿ ಎರಡು ಅಡಿಗೆ ಬಂಡೆ, ಎದುರಿನ ಮೂಲೆಯಲ್ಲಿ ಆರಡಿ ಆದರೂ ಮಣ್ಣು. ಬಂಡೆ ಮೇಲಿನ ಫೂಟಿಂಗ್ (ಕಂಬದ ಬುಡದ ಅಗಲ ಕಾಂಕ್ರೀಟ್) ಅಲ್ಲಾಡುವುದಿಲ್ಲ, ಮಣ್ಣಿನ ಮೇಲಿನದು ಇಳಿಯುತ್ತದೆ. ಆಮೇಲೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತದೆ. ಮಣ್ಣಿರುವ ಕಡೆಯ ಗುಂಡಿಗಳನ್ನೂ ಬಂಡೆಯವರೆಗೆ ಇಳಿಸಿ, ಖರ್ಚಾದರೂ ಸರಿ. ಬಂಡೆ ಇಳಿಜಾರಿದ್ದರೆ ಮೆಟ್ಟಿಲಿನಂತೆ ಒಡೆಸಿ ಮಟ್ಟ ಮಾಡಿಸಿ, ಇಲ್ಲದಿದ್ದರೆ ಫೂಟಿಂಗ್ ಜಾರುತ್ತದೆ.

ಇನ್ನೊಂದು ಸಂಗತಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರಲು ಶುರುವಾದ ಮೇಲೆ ಕೋಲಾರದ ಎಷ್ಟೋ ಕೆರೆಗಳಲ್ಲಿ ವರ್ಷವಿಡೀ ನೀರಿದೆ. ಏರಿಯ ಕೆಳಗಿನ ಸೈಟುಗಳಲ್ಲಿ ಈಗ ಗುಂಡಿ ತೆಗೆದರೆ ಒಸರು ಬರುವುದುಂಟು. ಅಜ್ಜನ ಕಾಲದಲ್ಲಿ ಇಲ್ಲಿ ಒಣಭೂಮಿ ಇತ್ತು ಅನ್ನುವ ಲೆಕ್ಕ ಹಿಡಿಯಬೇಡಿ.

ಇನ್ನು ಮಳೆ. ನಮ್ಮಲ್ಲಿ ಜೋರು ಮಳೆ ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ. ಕೆಲವೊಮ್ಮೆ 2021ರ ಹಾಗೆ ನವೆಂಬರ್‌ನಲ್ಲೂ ಕೆರೆ ಕೋಡಿ ಹರಿಯುತ್ತದೆ. ರಾತ್ರಿ ಮಳೆ ಬಂದು ಬೆಳಗ್ಗೆ ಗುಂಡಿಯಲ್ಲಿ ಅರ್ಧ ಅಡಿ ನೀರು ನಿಂತಿರುತ್ತದೆ. ಮಿಕ್ಸರ್ ಬಾಡಿಗೆ ಓಡುತ್ತಿದೆ ಅಂತ ಅದರಲ್ಲೇ ಕಾಂಕ್ರೀಟ್ ಸುರಿಸುವವರು ಇದ್ದಾರೆ, 'ಕಾಂಕ್ರೀಟೇ ನೀರನ್ನು ತಳ್ಳುತ್ತೆ ಬಿಡಿ' ಅನ್ನುತ್ತಾರೆ. ತಳ್ಳುವುದಿಲ್ಲ, ಸಿಮೆಂಟ್ ಹಾಲು ತೇಲಿಹೋಗಿ ಬರೀ ಜಲ್ಲಿ ಉಳಿಯುತ್ತದೆ. ಪಂಪ್ ಇಟ್ಟು ನೀರು ತೆಗೆಸಿ. ಅಷ್ಟೇ ಸಾಲದು. ಗುಂಡಿಗೆ ಇಳಿದು ಹಾರೆ ಹಾಕಿ ನೋಡಿ. ಕೆಸರಿದ್ದರೆ ಸದ್ದೇ ಇಲ್ಲದೆ ಇಳಿಯುತ್ತದೆ, ಎಳೆದಾಗ ಪಚಕ್ ಅನ್ನುತ್ತದೆ. ಆ ಎರಡು ಮೂರು ಇಂಚನ್ನು ಕೆರೆದು ಹೊರಗೆ ಹಾಕಿಸಿ. ಹಾರೆ ಟಣ್ ಅಂತ ವಾಪಸ್ ಎದ್ದ ಮೇಲೆ ಬೆಡ್ ಕಾಂಕ್ರೀಟ್, ಅಂದರೆ ಫೂಟಿಂಗ್ ಕೆಳಗಿನ ತೆಳು ಹಾಸು. ತೆಗೆದ ಜಾಗವನ್ನು ಅದರಿಂದಲೇ ತುಂಬಿಸಿ, ಸಡಿಲ ಮಣ್ಣಿನಿಂದ ಬೇಡ.

ಮಳೆಗಾಲದಲ್ಲಿ ಮರಳೂ ಒದ್ದೆ ಇರುತ್ತದೆ ಅಲ್ವಾ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಚೀಲ ಸಿಮೆಂಟಿಗೆ ಒಂದೂವರೆ ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಅಂದರೆ ಸುಮಾರು 80 ಕೆಜಿ. ಅದರಲ್ಲಿ ನೂರಕ್ಕೆ 5 ಪಾಲು ತೇವ ಇದ್ದರೂ ನಾಲ್ಕು ಲೀಟರ್ ನೀರು ಆಗಲೇ ಒಳಗೆ ಬಂದಿರುತ್ತದೆ. ಚೀಲಕ್ಕೆ 25 ಲೀಟರ್ ಅಂತ ಇದ್ದರೆ ಆವತ್ತು 21 ಹಾಕಿಸಿ. ಕಾಂಕ್ರೀಟ್ ಹಾಕಿದ ಎರಡು ಮೂರು ಗಂಟೆಯೊಳಗೆ ಮಳೆ ಬಂದರೆ ಟಾರ್ಪಾಲು ಹೊದಿಸಿ. ಗಟ್ಟಿಯಾದ ಮೇಲೆ ಬರುವ ಮಳೆ ಒಳ್ಳೆಯದೇ.

ಬಿಸಿಲಿಗೆ ಹೆದರುವಷ್ಟು ಗಾಳಿಗೆ ಯಾರೂ ಹೆದರುವುದಿಲ್ಲ. ಆಷಾಢದಲ್ಲಿ ಮೋಡ ಮುಚ್ಚಿರುತ್ತದೆ, ತಂಪು ಅನ್ನಿಸುತ್ತದೆ. ಆದರೆ ಆ ಗಾಳಿ ಕಾಂಕ್ರೀಟಿನ ಮೇಲಿನ ನೀರನ್ನು ಎಳೆದುಕೊಂಡು ಹೋಗುತ್ತದೆ. ಸಂಜೆಯೊಳಗೆ ಮೇಲೆಲ್ಲ ಕೂದಲೆಳೆ ಬಿರುಕು. ಆಷಾಢದಲ್ಲಿ ಗುದ್ದಲಿ ಪೂಜೆ ಮಾಡುವುದಿಲ್ಲ, ನಿಜ, ಆದರೆ ಜ್ಯೇಷ್ಠದಲ್ಲಿ ಪೂಜೆ ಆದ ಮನೆಗಳ ಫೂಟಿಂಗ್‌ಗೆ ಕಾಂಕ್ರೀಟ್ ಹಾಕುವುದು ಆಗಲೇ. ಬೆಳಗ್ಗೆ ಬೇಗ ಶುರು ಮಾಡಿ. ಒಣ ಕೆಮ್ಮಣ್ಣು ಕಾಂಕ್ರೀಟಿನ ನೀರು ಕುಡಿಯುತ್ತದೆ, ಮುಂಚೆಯೇ ಗುಂಡಿಯ ತಳ, ಪಕ್ಕ ನೆನೆಸಿ, ಆದರೆ ನೀರು ನಿಲ್ಲಬಾರದು. ಮೇಲ್ಮೈ ನಯ ಮಾಡಿದ ಕೂಡಲೇ ಪ್ಲಾಸ್ಟಿಕ್ ಶೀಟ್ ಮುಚ್ಚಿ, ಅಂಚಿಗೆ ಕಲ್ಲು ಹೇರಿ. ಡಿಸೆಂಬರ್ ಚಳಿಗೆ ಇಷ್ಟು ರಗಳೆ ಇಲ್ಲ, ಸೆಟ್ ಆಗುವುದು ನಿಧಾನ ಅಷ್ಟೆ. ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿದಿಡುವ ಹಲಗೆ) ಬಿಚ್ಚದೆ ಒಂದು ದಿನ ಜಾಸ್ತಿ ಬಿಡಿ.

ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟನ್ನು ಒದ್ದೆ ಇಡುವುದಕ್ಕೆ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು ಕನಿಷ್ಠ 10 ದಿನ. ನಾನು 14 ಹಾಕಿಸುತ್ತೇನೆ. 'ಮಳೇನೇ ಬರ್ತಿದೆಯಲ್ಲಣ್ಣ, ನೀರು ಯಾಕೆ?' ಅಂತ ಮಾಲೀಕರು ಕೇಳುತ್ತಾರೆ. ಮಳೆ ಒಂದು ಗಂಟೆ ಬಂದು ಹೋಗುತ್ತದೆ, ಗೋಣಿ ಚೀಲ ಇಡೀ ದಿನ ಒದ್ದೆ ಇರಬೇಕು. ಗರಸಿನಲ್ಲಾದರೆ ಗುಂಡಿಗೇ ನೀರು ಬಿಡಬಹುದು. ಎರೆಮಣ್ಣಿನಲ್ಲಿ ಆ ಕೆಲಸ ಮಾಡಬೇಡಿ, ಪಾಯದ ಕೆಳಗಿನ ನೆಲವೇ ಮೆತ್ತಗಾಗುತ್ತದೆ. ಅಲ್ಲಿ ಒದ್ದೆ ಗೋಣಿ ಮಾತ್ರ.

ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಕಾಂಕ್ರೀಟಿಗೆ ಆಗುತ್ತದಾ ಅಂತಲೂ ಕೇಳುತ್ತಾರೆ. ನೋಡಬೇಕಾದ್ದು ಫ್ಲೋರೈಡ್ ಅಲ್ಲ, ಉಪ್ಪು. ಕಂಬಿ ಹಾಕಿದ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಪಿಎಚ್ 6ಕ್ಕಿಂತ ಕೆಳಗಿರಬಾರದು. ಒಮ್ಮೆ ಲ್ಯಾಬಿಗೆ ಕೊಟ್ಟು ನೋಡಿ.

ಮನೆ ಎದ್ದ ಮೇಲೆ ಸುತ್ತಲೂ ಮೂರಡಿ ಅಗಲ ಕಾಂಕ್ರೀಟ್ ಹಾಕಿಸಿ, ಇಳಿಜಾರು ಹೊರಗಡೆಗಿರಲಿ. ತಾರಸಿಯ ಪೈಪು ಗೋಡೆ ಬುಡಕ್ಕೆ ಸುರಿಯಬಾರದು. ಎರೆಮಣ್ಣಿನ ಸೈಟಾದರೆ ಗೋಡೆ ಪಕ್ಕ ಹೂವಿನ ಪಾತಿಯೂ ಬೇಡ, ದೊಡ್ಡ ಮರವೂ ಬೇಡ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಗೋಡೆಗಳನ್ನು ನೋಡಿ. ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಬೇಡಿ, ಮೊದಲು ಆ ಮೂಲೆಯ ಫೂಟಿಂಗ್ ಪಕ್ಕ ನೆಲ ತೆಗೆಸಿ ನೀರು ಎಲ್ಲಿಂದ ಬರುತ್ತಿದೆ ನೋಡಿ. ಸಂಪ್ ಅಥವಾ ಚೇಂಬರ್ ಸೋರುತ್ತಿರುವುದೇ ಜಾಸ್ತಿ.