ಓರೆ ತಟ್ಟೆಯ ತೂಕ

ಗ್ಯಾಲಕ್ಸಿ ತೂಗುವುದು ನನ್ನ ಕೆಲಸ ಅಂದಾಗ, ಧಾರವಾಡದಿಂದ ಪುಣೆಗೆ ಬಂದಿದ್ದ ಅವ್ವ ನಕ್ಕುಬಿಟ್ಟಳು. "ಯಾವ ತಕ್ಕಡ್ಯಾಗ ಹಾಕ್ತೀಯವಾ?"

ತಕ್ಕಡಿ ಅಂದ್ರೆ ವೇಗ. ಅಂಚಿನ ಹೈಡ್ರೋಜನ್ ಅನಿಲ ಎಷ್ಟು ಜೋರಾಗಿ ಸುತ್ತುತ್ತದೆ ಅಂತ ಗೊತ್ತಾದರೆ, ಅದನ್ನು ಹಿಡಿದಿಟ್ಟಿರುವ ಒಳಗಿನ ತೂಕ ಸಿಗುತ್ತದೆ. ಈ ಅನಿಲದ ರೇಡಿಯೋ ಅಲೆ 1420 ಮೆಗಾಹರ್ಟ್ಸ್‌ನದು. ನಮ್ಮ ಕಡೆ ಬರುವ ಅನಿಲದ್ದು ತುಸು ಮೇಲೆ, ದೂರ ಹೋಗುವುದರದ್ದು ತುಸು ಕೆಳಗೆ. ಸೆಕೆಂಡಿಗೆ 1 ಕಿ.ಮೀ. ವೇಗಕ್ಕೆ 5 ಕಿಲೋಹರ್ಟ್ಸ್ ಕೂಡ ಆಗದಷ್ಟು ವ್ಯತ್ಯಾಸ.

ಅದನ್ನು ಹಿಡಿಯುವುದು ಪುಣೆ ಜಿಲ್ಲೆಯ ಖೋಡದ್‌ನ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ. 45 ಮೀಟರ್ ಅಗಲದ 30 ಡಿಶ್‌ಗಳು; 14 ನಡುವೆ ಒತ್ತೊತ್ತಾಗಿ, ಉಳಿದ 16 ವೈ ಆಕಾರದಲ್ಲಿ ದೂರ ದೂರ. ಡೇಟಾದಲ್ಲಿ ಸೇರಿದ್ದ ಬೇಡದ ರೇಡಿಯೋ ಅಲೆಗಳ ಗದ್ದಲ ಕಿತ್ತು ಹಾಕುವುದರಲ್ಲೇ ವಾರಗಳು ಕಳೆದವು. ಬೇಸರದ ಕೆಲಸ, ಹೇಳುವಂಥದ್ದೇನಿಲ್ಲ.

ನಾನು ಎಡವಿದ್ದು ಆಮೇಲೆ. ನಮ್ಮ ಸರ್ ಮಂಡ್ಯದವರು. ನನ್ನ ವೇಗದ ಗ್ರಾಫ್ ನೋಡಿ, "ಇಷ್ಟು ಮಂಕು ಗ್ಯಾಲಕ್ಸಿ ಇಷ್ಟು ಜೋರಾಗಿ ಸುತ್ತುತ್ತಾ? ಓರೆ ಎಷ್ಟು ಹಿಡಿದಿದ್ದೀರಿ?" ಅಂದರು. ಹೆಚ್ಚು ಬೆಳಗುವ ಸುರುಳಿ ಗ್ಯಾಲಕ್ಸಿ ಹೆಚ್ಚು ಜೋರಾಗಿ ಸುತ್ತುತ್ತದೆ ಅಂತ ಟಲ್ಲಿ ಮತ್ತು ಫಿಶರ್ ಎಂಬ ಖಗೋಳ ವಿಜ್ಞಾನಿಗಳು 1977ರಲ್ಲೇ ತೋರಿಸಿದ್ದರು. ನನ್ನದು ಅದಕ್ಕೆ ಹೊಂದುತ್ತಲೇ ಇರಲಿಲ್ಲ.

ಸುರುಳಿ ಗ್ಯಾಲಕ್ಸಿ ದುಂಡು ತಟ್ಟೆಯ ಹಾಗೆ; ಅದು ನಮ್ಮ ಕಡೆಗೆ ಎಷ್ಟು ವಾಲಿದೆ ಅನ್ನುವುದೇ ಓರೆ. ನಾನು ಫೋಟೋ ನೋಡಿ 20 ಡಿಗ್ರಿ ಓರೆ ಅಂದುಕೊಂಡಿದ್ದೆ. ದುಂಡು ತಟ್ಟೆಯನ್ನು 20 ಡಿಗ್ರಿ ಓರೆ ಮಾಡಿದರೆ ಉದ್ದ 100 ಇದ್ದಲ್ಲಿ ಅಗಲ 94 ಕಾಣುತ್ತದೆ. 30 ಡಿಗ್ರಿಗೆ 87. ಮಸುಕು ಅಂಚಿನ ಗ್ಯಾಲಕ್ಸಿಯಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತೆ? ಆದರೆ ನಮಗೆ ಕಾಣುವುದು ವೇಗದ ಒಂದು ಪಾಲು ಮಾತ್ರ, ನಮ್ಮ ಕಡೆ ಬರುವ ಇಲ್ಲವೇ ದೂರ ಹೋಗುವ ಪಾಲು. ಪೂರ್ತಿ ವೇಗಕ್ಕೆ ಓರೆಯ ಸೈನ್‌ನಿಂದ ಭಾಗಿಸಬೇಕು. ತೂಕಕ್ಕೆ ಆ ವೇಗದ ವರ್ಗ ಬೇಕು. ನಿಜವಾಗಿ 30 ಇದ್ದದ್ದನ್ನು 20 ಅಂದರೆ ತೂಕ ಎರಡು ಪಟ್ಟಿಗೂ ಜಾಸ್ತಿ ಬರುತ್ತದೆ!

ಆ ಗ್ಯಾಲಕ್ಸಿಯನ್ನು ಕೈಬಿಟ್ಟೆ. ಸ್ವಲ್ಪ ಅಳುವೂ ಬಂತು. ಸುಮಾರು 60 ಡಿಗ್ರಿ ಓರೆಯಾದದ್ದನ್ನು ಹಿಡಿದೆ. ಅಲ್ಲಿ 5 ಡಿಗ್ರಿ ತಪ್ಪಿದರೂ ತೂಕ ಕೆಡುವುದು ನೂರಕ್ಕೆ 12ರಷ್ಟು. ಫೋಟೋ ಬಿಟ್ಟು, ಅನಿಲದ ವೇಗದ ನಕ್ಷೆಯನ್ನೇ ಬಳೆಗಳ ಹಾಗೆ ಬಿಡಿಸಿ, ಒಂದೊಂದು ಬಳೆಗೂ ಅದರದೇ ಓರೆ ಹುಡುಕಿದೆ. ಹೊರಗಿನ ಬಳೆಗಳು ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಿದ್ದವು.

ವೇಗ ಸೆಕೆಂಡಿಗೆ 130 ಕಿ.ಮೀ. ಮುಟ್ಟಿ ಅಲ್ಲೇ ನಿಂತಿತು. ನಡುವಿನಿಂದ 49,000 ಜ್ಯೋತಿರ್ವರ್ಷ ದೂರ ಹೋದರೂ ಇಳಿಯಲಿಲ್ಲ. ಲೆಕ್ಕ ಹಾಕಿದರೆ ಸುಮಾರು 6,000 ಕೋಟಿ ಸೂರ್ಯರ ತೂಕ. ನಕ್ಷತ್ರ, ಅನಿಲ ಎಲ್ಲ ಕೂಡಿಸಿದರೂ ಮೂರರಲ್ಲಿ ಒಂದು ಪಾಲು ಮುಟ್ಟಲಿಲ್ಲ. ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿಯ ವೇಗ ಅಳೆದಾಗಿನಿಂದ ಕೇಳುತ್ತ ಬಂದ ಕಥೆಯೇ. ಆದರೂ ಗ್ರಾಫ್ ನಮ್ಮದೇ ಆದಾಗ ಮೈ ಜುಮ್ಮೆನ್ನುತ್ತದೆ.

"ಉಳಿದದ್ದೇನದ?" ಅಂದಳು ಅವ್ವ.

"ಕಾಣೂದಿಲ್ಲ. ಡಾರ್ಕ್ ಮ್ಯಾಟರ್ ಅಂತೀವಿ."

"ಕಾಣೂದಿಲ್ಲಂದ್ರ ತೂಕಕ್ಕ ಹೆಂಗ ಹಿಡದ್ರಿ?"

ಈಗ ಒಳಗಿನ ನಾಲ್ಕು ಬಳೆ ಬಾಕಿ ಇವೆ. ಅಲ್ಲಿ ನಕ್ಷೆ ಮಸುಕಾಗಿ ವೇಗಗಳು ಕಲಸಿಹೋಗಿವೆ. ದೂರದ ಡಿಶ್‌ಗಳ ಡೇಟಾಗೆ ಹೆಚ್ಚು ಮಹತ್ವ ಕೊಟ್ಟು ನಕ್ಷೆಯನ್ನು ಮತ್ತೆ ಮಾಡುತ್ತಿದ್ದೇನೆ.