ಮಟಮಟ ಮಧ್ಯಾಹ್ನ ಬಳ್ಳಾರಿಯ ಗೋಡೆ ನೋಡುವುದು

ಊರಿನ ಹಳೆಯ ಗೋಡೆ, ನೆರಳು, ಕಬ್ಬಿಣ, ಚಿಂದಿಗಳಲ್ಲಿ ತಾನಾಗಿ ಮೂಡಿದ ಚಿತ್ತಾರಗಳನ್ನು ನಾನು ಫೋಟೊ, ಅಚ್ಚು ತೆಗೆದು ಕೂಡಿಡುತ್ತೇನೆ. ಫೋಟೊ ತೆಗೆಯುವವರು ಮಧ್ಯಾಹ್ನದ ಬಿಸಿಲನ್ನು ಬೈಯುತ್ತಾರೆ. ಮುಖದ ಫೋಟೊಗಾದರೆ ಬೈಗುಳ ಸರಿ, ಗೋಡೆಯ ಮಟ್ಟಿಗೆ ಅಲ್ಲ. ಸೂರ್ಯ ನೆತ್ತಿಗೆ ಬಂದಾಗ ಬೆಳಕು ಗೋಡೆಯನ್ನು ಮೇಲಿಂದ ಕೆಳಕ್ಕೆ ಸವರಿಕೊಂಡು ಇಳಿಯುತ್ತದೆ. ಬೆಳಿಗ್ಗೆ ಬರೀ ಕೊಳಕು ಅನ್ನಿಸಿದ ಗೋಡೆಯಲ್ಲಿ ಆಗ ಸುಣ್ಣದ ಒಂದೊಂದು ಪದರಕ್ಕೂ ನೆರಳು ಹುಟ್ಟುತ್ತದೆ.

ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 1 ಮತ್ತು ಆಗಸ್ಟ್ 12ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಈ ಎರಡರ ನಡುವೆ ಮಧ್ಯಾಹ್ನಕ್ಕೆ ಉತ್ತರದ ಕಡೆ ವಾಲಿರುತ್ತಾನೆ. ಗಡಿಯಾರದ ಹನ್ನೆರಡನ್ನು ನಂಬಬೇಡಿ, ನಮ್ಮೂರಿನ ನಿಜವಾದ ನಡುಹಗಲು ಸುಮಾರು 12:20ಕ್ಕೆ. ಜೂನ್ ಕೊನೆಯ ವಾರಗಳಲ್ಲಿ ಆ ಹೊತ್ತಿಗೆ ಉತ್ತರದ ಗೋಡೆಗೆ ಬೀಳುವ ಬಿಸಿಲು ಗೋಡೆಯಿಂದ ಎಂಟೇ ಡಿಗ್ರಿ ಓರೆ. ಲೆಕ್ಕ ಹಾಕಿದರೆ, ಒಂದು ಮಿಲಿಮೀಟರ್ ದಪ್ಪದ ಹಕ್ಕಳಿಕೆ, ಅಂದರೆ ಎದ್ದುನಿಂತ ಸುಣ್ಣದ ಚಕ್ಕೆ, ಏಳು ಮಿಲಿಮೀಟರ್ ಉದ್ದದ ನೆರಳು ಚೆಲ್ಲುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಗೋಡೆಗೆ ಅದೇ ಹೊತ್ತಿನಲ್ಲಿ ಸಿಗುವುದು ಒಂದೂಕಾಲು ಮಿಲಿಮೀಟರ್ ಅಷ್ಟೇ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಗುತ್ತಾರಲ್ಲ, ಈ ಕೆಲಸಕ್ಕೆ ಬೇಕಾದದ್ದು ಆ ಎರಡನೆಯದೇ.

ಪೂರ್ವದ ಗೋಡೆಗಳನ್ನು ನಾನು 11:30ರಿಂದ 12:15ರೊಳಗೆ ಮುಗಿಸುತ್ತೇನೆ, ಪಶ್ಚಿಮದವನ್ನು 12:30ರ ಮೇಲೆ. ಮೋಡ ಕವಿದರೆ ಮನೆಗೆ ಹೋಗುವುದೇ ವಾಸಿ.

ಬ್ರೂಸ್‌ಪೇಟೆ, ಕೌಲ್ ಬಜಾರಿನ ಒಳಗಲ್ಲಿಗಳಲ್ಲಿ ಹಳೆಯ ಸುಣ್ಣದ ಗೋಡೆಗಳು ಇನ್ನೂ ಉಳಿದಿವೆ. ಹಬ್ಬಕ್ಕೊಂದು ಸಲ ಬಳಿದ ಸುಣ್ಣ, ಅದರಲ್ಲಿ ಒಂದು ವರ್ಷ ನೀಲಿ, ಒಂದು ವರ್ಷ ಹಳದಿ, ಮೇಲೆ ಡಿಸ್ಟೆಂಪರ್, ಅದರ ಮೇಲೆ ಯಾವುದೋ ಜಾಹೀರಾತಿನ ಅರ್ಧ ಅಕ್ಷರ. ನೆಲದ ತೇವ ಗೋಡೆಯೊಳಗೆ ಏರಿ ಒಣಗುವಾಗ ಅದರಲ್ಲಿದ್ದ ಉಪ್ಪು ಹರಳುಗಟ್ಟಿ ಪದರಗಳನ್ನು ಒಳಗಿನಿಂದ ತಳ್ಳುತ್ತದೆ. ಹೀಗಾಗಿ ಒಳ್ಳೆಯ ಚಿತ್ತಾರ ಸಿಗುವುದು ನೆಲದಿಂದ ಮೊಣಕಾಲು, ಸೊಂಟದ ಎತ್ತರದಲ್ಲಿ. ತಲೆ ಎತ್ತಿ ಹುಡುಕುವವರಿಗೆ ತಪ್ಪಿಹೋಗುತ್ತದೆ. ಸುಣ್ಣದ ಮೇಲೆ ಸುಣ್ಣ ಇದ್ದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ, ಗುಡ್ಡದ ನಕ್ಷೆಯ ಗೆರೆಗಳ ಹಾಗೆ ಒಡೆಯುತ್ತದೆ. ಸುಣ್ಣದ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದರೆ ತೇವ ಹೊರಬರಲು ದಾರಿಯಿಲ್ಲದೆ ಹಪ್ಪಳದಂತೆ ಉಬ್ಬಿ, ದೊಡ್ಡ ಹಾಳೆಯಾಗಿ ಸುರುಳಿ ಬಿಚ್ಚುತ್ತದೆ. ನನಗೆ ಮೊದಲನೆಯದೇ ಇಷ್ಟ. ಎರಡನೆಯದರ ಫೋಟೊ ಎಲ್ಲ ಊರಿನದೂ ಒಂದೇ ತರ.

ಫೋನನ್ನು ಗೋಡೆಗೆ ಸಮಾನಾಂತರ ಹಿಡಿಯುವುದೇ ಅರ್ಧ ಕೆಲಸ. ವೈಡ್ ಲೆನ್ಸ್ ಅಂಚನ್ನು ಬಗ್ಗಿಸುತ್ತದೆ, ಆದ್ದರಿಂದ ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ. ಗ್ರಿಡ್ ಆನ್ ಮಾಡಿ, ಪರದೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿ. ಇಳಿಸದಿದ್ದರೆ ಸುಣ್ಣದ ಬಿಳುಪು ಸುಟ್ಟುಹೋಗಿ ಪದರ ಮಾಯ. ಅಳತೆ ತಿಳಿಯಲು ಒಂದು ಫೋಟೊದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ತೆಗೆಯುತ್ತೇನೆ, ಅದರ ಅಗಲ 27 ಮಿಲಿಮೀಟರ್. ಕೆಂಧೂಳು ಲೆನ್ಸಿನ ಮೇಲೆ ಕೂತಿದ್ದರೆ ಅಂಗಿಯ ತುದಿಯಿಂದ ಒರೆಸಬೇಡಿ. ಮೊದಲು ಊದಿ, ಆಮೇಲೆ ಒರೆಸಿ. ಮೇ ತಿಂಗಳಲ್ಲಿ ಹತ್ತು ನಿಮಿಷಕ್ಕೆ ಫೋನ್ ಕಾದು ಕ್ಯಾಮೆರಾ ನಿಂತುಬಿಡುತ್ತದೆ, ನಡುನಡುವೆ ನೆರಳಿಗೆ ಹೋಗಬೇಕು.

ಗ್ರಿಲ್, ಸಿಮೆಂಟ್ ಜಾಲಿಗಳ ವಿಷಯ ಬೇರೆ. ಅಲ್ಲಿ ನೋಡಬೇಕಾದ್ದು ವಸ್ತುವಿಗಿಂತ ಅದರ ನೆರಳು. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದಕ್ಕೇ ಗ್ರಿಲ್ಲಿನಿಂದ ಗೋಡೆ ದೂರವಾದಷ್ಟೂ ನೆರಳಿನ ಅಂಚು ಕಲಸಿಹೋಗುತ್ತದೆ: ಒಂದಡಿ ದೂರದಲ್ಲಿ 3 ಮಿಲಿಮೀಟರ್, ಒಂದು ಮೀಟರಿನಲ್ಲಿ 9. ಗೆರೆ ಕತ್ತರಿಸಿದಂತೆ ಬೇಕೆಂದರೆ ಒಂದಡಿಯೊಳಗಿನ ಗೋಡೆಯನ್ನೇ ಆರಿಸಿ. ಫೋನಿನಲ್ಲಿ ಎಷ್ಟು ಶಾರ್ಪ್ ಮಾಡಿದರೂ ಕಲಸಿದ ನೆರಳು ತಿಳಿಯಾಗುವುದಿಲ್ಲ.

ತಗಡಿನ ಚಾವಣಿಯ ಮೊಳೆ ತೂತುಗಳಲ್ಲಿ ಇದೇ ಲೆಕ್ಕ ತಿರುಗಿ ಕೆಲಸ ಮಾಡುತ್ತದೆ. ತೂತು ಚೌಕವಿರಲಿ, ಹರಿದಿರಲಿ, ಹತ್ತಡಿ ಕೆಳಗೆ ನೆಲದ ಮೇಲೆ ಬೀಳುವುದು ದುಂಡಗಿನ ಬಿಲ್ಲೆಯೇ, ಅದು ಸೂರ್ಯನ ಬಿಂಬ. ನಡುಹಗಲಿನಲ್ಲಿ ಅದರ ಅಗಲ ಸುಮಾರು 28 ಮಿಲಿಮೀಟರ್. ಅದೇ ಹತ್ತು ರೂಪಾಯಿ ನಾಣ್ಯವನ್ನು ಮೇಲಿಟ್ಟರೆ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ! ಸಂಜೆಯಾದಂತೆ ಬಿಲ್ಲೆ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ.

ಮೇಲೆ ಹಾಳೆ ಹಾಸಿ ಬಳಪ ಉಜ್ಜಿ ಅಚ್ಚು ತೆಗೆಯುವುದಕ್ಕೆ ಅಂಗಡಿ ಮುಂದೆ ಚರಂಡಿ ಮುಚ್ಚಿರುವ ಚೆಕ್ಕರ್ ಪ್ಲೇಟ್, ಅಂದರೆ ಉಬ್ಬು ಗೆರೆಗಳ ಕಬ್ಬಿಣದ ಹಲಗೆ, ಚೆನ್ನ. ಜೆರಾಕ್ಸ್ ಹಾಳೆ ಬಿರುಸು, ಗಾಳಿಪಟದ ಹಾಳೆ ಹರಿಯುತ್ತದೆ, ನ್ಯೂಸ್‌ಪ್ರಿಂಟ್ ಸರಿಯಾದದ್ದು. ಪ್ಲೇಟನ್ನು ಬ್ರಷ್‌ನಿಂದ ಗುಡಿಸಿ, ಹಾಳೆಯ ನಾಲ್ಕೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಮೇಣದ ಬಳಪದ ಸುತ್ತಿನ ಕಾಗದ ಸುಲಿದು ಮಲಗಿಸಿ ಉಜ್ಜಬೇಕು, ಒಂದೇ ದಿಕ್ಕಿನಲ್ಲಿ. ಇದನ್ನು ಮಾತ್ರ ಬೆಳಿಗ್ಗೆ ಏಳರೊಳಗೆ ಮಾಡಿ. ಕಾದ ಕಬ್ಬಿಣದ ಮೇಲೆ ಮೇಣ ಕರಗಿ ಅಚ್ಚು ಬಳಿದುಹೋಗುತ್ತದೆ. ಸುಣ್ಣದ ಗೋಡೆಯ ಮೇಲೆ ಉಜ್ಜಲೇಬೇಡಿ, ಹಕ್ಕಳಿಕೆ ಉದುರಿ ಗೋಡೆಯೂ ಹೋಯಿತು, ಅಚ್ಚೂ ಹೋಯಿತು. ಅಂಗಡಿಯವರನ್ನು ಮೊದಲು ಕೇಳಿ. "ಅಣ್ಣಾರ, ಈ ಪ್ಲೇಟಿನ ಅಚ್ಚು ತಗೊಳ್ಳಲೇನ್ರಿ?" ಅಂದರೆ ಸಾಕು, ಬೇಡ ಅನ್ನುವವರು ಕಡಿಮೆ, ಯಾಕೆ ಅಂತ ಕೇಳುವವರೇ ಜಾಸ್ತಿ.

ಗುಡ್ಡದ ಬುಡದ ಬೀದಿಗಳಲ್ಲಿ ಕಾಂಪೌಂಡಿಗೆ ನಿಲ್ಲಿಸಿದ ಕಲ್ಲುಕಂಬಗಳ ಅಂಚನ್ನೂ ನೋಡಿ. ಸಾಲಾಗಿ ಅರ್ಧರ್ಧ ತೂತುಗಳು ಹಲ್ಲಿನಂತೆ ಕಾಣುತ್ತವೆ. ಬಂಡೆಗೆ ಸಾಲು ತೂತು ಹೊಡೆದು ಬೆಣೆ ಬಡಿದು ಸೀಳಿದ ಗುರುತು ಅದು. ಇನ್ನರ್ಧ ಪಕ್ಕದ ಕಂಬದಲ್ಲಿ ಇದ್ದರೂ ಇರಬಹುದು.

ಎಲ್ಲಕ್ಕಿಂತ ನನಗೆ ಬೆಲೆಬಾಳುವ ಸರಕು ಜೀನ್ಸ್ ಘಟಕಗಳ ಹೊರಗಿನ ಚಿಂದಿ ಚೀಲ. ಬಟ್ಟೆಯನ್ನು ಹತ್ತಾರು ಪದರ ಹಾಸಿ ಒಂದೇ ಸಲ ಕತ್ತರಿಸುವುದರಿಂದ ಚಿಂದಿಯೂ ಒಂದೇ ಆಕಾರದಲ್ಲಿ ಕಂತೆಯಾಗಿ ಬೀಳುತ್ತದೆ. ಪ್ಯಾಂಟಿನ ಮುಂಭಾಗದ ಕವಲಿನ ಬಾಗು ಇದ್ದಲ್ಲಿ ಕುಡುಗೋಲಿನಂಥ ತುಂಡು, ಎರಡು ಕಾಲುಗಳ ನಡುವೆ ಉಳಿದ ಜಾಗದಲ್ಲಿ ಉದ್ದ ಬೆಣೆ. ಪ್ಯಾಂಟು ಇಲ್ಲದ ಜಾಗದ ಆಕಾರ ಅದು. ಕಂತೆಯನ್ನು ಕಲಸದೆ ಹಾಗೇ ಎತ್ತಿ ಎರಡು ಕಡೆ ಪಿನ್ ಚುಚ್ಚಿ, ಬಿಳಿ ಹಾಳೆಯ ಮೇಲೆ ಬಿಡಿಸಿಡುತ್ತೇನೆ. ಒಂದು ಮುಷ್ಟಿ ಕಂತೆಯಿಂದ ಬೀಸಣಿಗೆಯಷ್ಟು ಚಿತ್ತಾರ ಬಿಚ್ಚುತ್ತದೆ. ಅಂಚಿನ ನೂಲು ಮೂರನೇ ದಿನಕ್ಕೆ ಬಿಚ್ಚಿಕೊಂಡು ಗೆರೆ ಹಾಳಾಗುತ್ತದೆ. ತಂದ ದಿನವೇ ಫೋಟೊ ಮುಗಿಸಿ, ಇಲ್ಲವೆ ತೆಳು ಫೆವಿಕಾಲ್ ನೀರು ಸವರಿ ಒಣಗಿಸಿ.

ಗೋಡೆಗಳ ಪಟ್ಟಿಯನ್ನು ರಸ್ತೆ, ದಿಕ್ಕು, ತಿಂಗಳು, ಗಂಟೆ ಹೀಗೆ ಬರೆದಿಡಿ. ದಸರಾ ಹತ್ತಿರ ಬಂದರೆ ಸುಣ್ಣದ ಗೋಡೆಗಳನ್ನು ಮೊದಲು ಮುಗಿಸಿ. ಮುಂದಿನ ವಾರ ಹೋದರೆ ಅಲ್ಲಿ ಹೊಸ ಗುಲಾಬಿ ಬಣ್ಣ ಹೊಡೆದಿರುತ್ತಾರೆ.